ಎದುರು ಬಾರದ ನಾಗಲಕ್ಷ್ಮಮ್ಮ

ಬನಶಂಕರಿ ಎರಡನೇ ಹಂತದ ನಮ್ಮ ರಸ್ತೆಯಲ್ಲಿ ಯುಗೋಸ್ಲಾವಿಯಾಕ್ಕೆ ಹೊರಟವರು ಮೊದಲು ಪಾಸ್‌ಪೋರ್ಟ್ ಆಫೀಸಿಗೆ ಹೋಗುತ್ತಿರಲಿಲ್ಲ, ನಾಗಲಕ್ಷ್ಮಮ್ಮನ ಮನೆಗೆ ಹೋಗುತ್ತಿದ್ದರು. ಇದನ್ನು ಕೇಳಿ ನಗುವವರು ನಗಲಿ. ಆಗಿನ ಬೆಂಗಳೂರಿನಲ್ಲಿ ಏಡ್ರಿಯಾಟಿಕ್ ಸಮುದ್ರದ ಗಾಳಿ ಯಾವ ತಿಂಗಳಲ್ಲಿ ಯಾವ ಕಡೆಯಿಂದ ಬೀಸುತ್ತದೆಂದು ಬಲ್ಲ ಹೆಂಗಸು ಇನ್ನೊಬ್ಬಳಿದ್ದರೆ ಯಾರಾದರೂ ಅವಳ ವಿಳಾಸ ಕೊಡಲಿ, ನೋಡೋಣ.

ನಾಗಲಕ್ಷ್ಮಮ್ಮ ಉತ್ತರಹಳ್ಳಿಯ ಹೊಲಗದ್ದೆಯ ಮನೆತನದ ಹೆಣ್ಣು. ಮದುವೆಯಾಗುವ ತನಕ ಅವರು ಕಂಡಿದ್ದ ಅತಿ ದೊಡ್ಡ ನೀರೆಂದರೆ ಊರ ಕೆರೆ. ಗಂಡ ದಾಸಪ್ಪ ಕನಕಪುರ ರಸ್ತೆಯ ಒಂದು ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದ. ಹಡಗಿನ ಎಂಜಿನ್ನಿನ ಬಿಡಿಭಾಗ ಮಾಡುವ ಆ ಕಾರ್ಖಾನೆಗೂ ಯುಗೋಸ್ಲಾವಿಯಾದ ಸ್ಪ್ಲಿಟ್ ಎಂಬ ಬಂದರು ಪಟ್ಟಣದಲ್ಲಿ ಹಡಗು ಕಟ್ಟುವವರಿಗೂ ಅದೇನೋ ಒಪ್ಪಂದವಾಗಿ, ಇಲ್ಲಿನ ಕೆಲಸಗಾರರನ್ನು ಅಲ್ಲಿಗೆ ತರಬೇತಿಗೆ ಕಳಿಸುವುದು ಶುರುವಾಯಿತು. ಮೊದಲ ತಂಡದಲ್ಲೇ ದಾಸಪ್ಪನ ಹೆಸರು ಬಂತು. ಹೆಂಡತಿಯನ್ನೂ ಕರೆದುಕೊಂಡು ಹೋಗಬಹುದು ಎಂದರು. ಮಕ್ಕಳಿಲ್ಲದ ದಂಪತಿ, ಹಿಂದೆಮುಂದೆ ನೋಡದೆ ಹೊರಟೇಬಿಟ್ಟರು. ಅದು ಎಪ್ಪತ್ತೆರಡನೇ ಇಸವಿ.

ಸ್ಪ್ಲಿಟ್‌ನಲ್ಲಿ ಮಾರೆ ಎಂಬ ಮುದುಕಿಯ ಮನೆಯ ಮಹಡಿಯಲ್ಲಿ ಅವರಿಗೆ ಬಾಡಿಗೆಗೆ ಜಾಗ ಸಿಕ್ಕಿತು. ನಾಗಲಕ್ಷ್ಮಮ್ಮ ಬಂದ ವಾರದಲ್ಲೇ ಅವಳನ್ನು ಮಾರಕ್ಕ ಮಾಡಿಕೊಂಡರು. ಮಾರಕ್ಕನಿಗೆ ಕನ್ನಡ ಬಾರದು, ಇವರಿಗೆ ಆ ಭಾಷೆ ಬಾರದು, ಆದರೂ ಇಬ್ಬರೂ ಬೆಳಗಿನಿಂದ ಸಂಜೆಯವರೆಗೆ ಮಾತಾಡುತ್ತಿದ್ದರು. ಎರಡು ವರ್ಷ ಸುಖವಾಗಿ ಕಳೆಯಿತು. ಮೂರನೆಯ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ದಾಸಪ್ಪ ಲೇತ್ ಮೆಷಿನ್ನಿನ ಮುಂದೆ ಎದೆ ಹಿಡಿದುಕೊಂಡು ಕುಸಿದ, ಮತ್ತೆ ಏಳಲಿಲ್ಲ. ಸಮುದ್ರ ಕಾಣುವ ಗುಡ್ಡದ ಮೇಲೆ ಅವನನ್ನು ಮಣ್ಣು ಮಾಡಿದರು. ನಾಗಲಕ್ಷ್ಮಮ್ಮ ಒಬ್ಬರೇ ವಾಪಸು ಬಂದರು. ಕಾರ್ಖಾನೆಯವರು ಕ್ಯಾಂಟೀನಿನಲ್ಲಿ ಕೆಲಸ ಕೊಟ್ಟರು. ಕೆಲಸಗಾರರ ಸೊಸೈಟಿ ಹಂಚಿದ್ದ ಸೈಟಿನಲ್ಲಿ ಎರಡು ಕೋಣೆಯ ಮನೆ ಎದ್ದಿತು, ಹಿತ್ತಲಲ್ಲಿ ಒಂದು ಕರಿಬೇವಿನ ಗಿಡವೂ ಬಂತು.

ಕಾರ್ಖಾನೆಯಿಂದ ಮುಂದಿನ ತಂಡ ಹೊರಟಾಗ ಅವರಲ್ಲೊಬ್ಬ ಕ್ಯಾಂಟೀನಿನಲ್ಲಿ ಇವರನ್ನು ಹಿಡಿದು, ಅಲ್ಲಿ ಸ್ನಾನಕ್ಕೆ ಬಿಸಿನೀರು ಸಿಗುತ್ತದೆಯೇ ಎಂದು ಕೇಳಿದ. ಅಲ್ಲಿಂದ ಶುರು. ಆಮೇಲೆ ಹೋಗುವವರೆಲ್ಲ ಭಾನುವಾರ ಮಧ್ಯಾಹ್ನ ಅವರ ಮನೆಯ ಚಾಪೆಯ ಮೇಲೆ ಕೂರುವುದು ವಾಡಿಕೆಯಾಯಿತು. ನಾಗಲಕ್ಷ್ಮಮ್ಮನ ಪಾಠ ಯಾವಾಗಲೂ ಕಾಲಿನಿಂದ ಆರಂಭ.

“ಸಮುದ್ರ ಅಂದ್ರೆ ಮರಳು ಅನ್ಕೊಂಡಿದೀರಾ? ಬರೀ ಕಲ್ಲು ಕಣ್ರಪ್ಪ. ನೀರೊಳಗೆ ಕರೀ ಮುಳ್ಳುಂಡೆಗಳು ಕೂತಿರ್ತವೆ, ತುಳಿದ್ರೆ ವಾರಗಟ್ಲೆ ಅಯ್ಯೋ ಅನ್ಬೇಕು. ರಬ್ಬರ್ ಚಪ್ಪಲಿ ಹಾಕ್ಕೊಂಡೇ ನೀರಿಗಿಳೀರಿ. ನಾಚಿಕೆಪಡ್ಬೇಡಿ, ಅಲ್ಲಿಯವ್ರೂ ಹಾಗೇ ಇಳಿಯೋದು.”

ಆಮೇಲೆ ಗಾಳಿ. ಬೆಟ್ಟದ ಕಡೆಯಿಂದ ‘ಬುರಾ’ ಎಂಬ ಗಾಳಿ ಬೀಸಿದ ದಿನ ದೋಣಿ ಹತ್ತಕೂಡದು, ಸೀರೆ ಉಟ್ಟು ಬೀದಿಗೂ ಇಳಿಯಕೂಡದು. ನಾಗಲಕ್ಷ್ಮಮ್ಮ ಒಣಹಾಕಿದ್ದ ಹಸಿರು ಮೈಸೂರು ಸಿಲ್ಕ್ ಸೀರೆ ಒಮ್ಮೆ ಈ ಬುರಾಕ್ಕೆ ಸಿಕ್ಕು, ಬೀದಿ ದಾಟಿ ಎದುರು ಮನೆಯ ಪೊಲೀಸಿನವನ ಬಾಲ್ಕನಿಗೆ ಸುತ್ತಿಕೊಂಡಿತ್ತಂತೆ. ಅವನು ಅದನ್ನು ಪರದೆ ಎಂದುಕೊಂಡು ಮಡಿಸಿ ತಂದುಕೊಟ್ಟನಂತೆ.

ಮಧ್ಯಾಹ್ನ ಊಟವಾದ ಮೇಲೆ ಆ ಊರೇ ಅಂಗಡಿ ಮುಚ್ಚಿ ಮಲಗುತ್ತದೆ. ಆ ಹೊತ್ತಿನಲ್ಲಿ ಕುಟ್ಟಾಣಿಯಲ್ಲಿ ಚಟ್ನಿಪುಡಿ ಕುಟ್ಟಿದರೆ ಕೆಳಮನೆ, ಮೇಲ್ಮನೆ, ಪಕ್ಕದ ಮನೆಯವರೆಲ್ಲ ಕಿಟಕಿ ತೆರೆದು ಬಯ್ಯುತ್ತಾರೆ. ಬಸಳೆಯಂಥ ಒಂದು ಸೊಪ್ಪಿಗೆ ಆಲೂಗೆಡ್ಡೆ ಹಾಕಿ ಪಲ್ಯ ಮಾಡುತ್ತಾರೆ, ಕಣ್ಣು ಮುಚ್ಚಿಕೊಂಡು ತಿನ್ನಬಹುದು. ಮಾಂಸ ತಿನ್ನದವರು ಹುರುಳಿಕಾಯಿ ಸೂಪಿನ ಹತ್ತಿರ ಮಾತ್ರ ಹುಷಾರಾಗಿರಬೇಕು, ಏಕೆಂದರೆ ತುಂಡನ್ನು ಎತ್ತಿಟ್ಟು ರಸವನ್ನು ಕೊಟ್ಟು, “ನೋಡಿ, ಮಾಂಸವಿಲ್ಲ” ಎನ್ನುವ ಒಳ್ಳೆಯ ಜನ ಅವರು. ಇನ್ನು ನಮ್ಮವರು ಹೂಂ ಎನ್ನುವುದಕ್ಕೆ ತಲೆಯನ್ನು ಅತ್ತಿತ್ತ ತೂಗುತ್ತಾರಲ್ಲ, ಅದನ್ನು ಬೊಂಬಾಯಿಯಲ್ಲೇ ಬಿಟ್ಟು ಹೋಗಬೇಕು. ಮಾರಕ್ಕ ಮೊದಲ ದಿನ ಊಟ ಚೆನ್ನಾಗಿದೆಯೇ ಎಂದು ಸನ್ನೆಯಲ್ಲಿ ಕೇಳಿದಳು. ನಾಗಲಕ್ಷ್ಮಮ್ಮ ಸಂತೋಷದಿಂದ ತಲೆ ತೂಗಿದರು. ಮಾರಕ್ಕ ತಟ್ಟೆ ಎತ್ತಿಕೊಂಡು ಹೋದಳು.

ಎಲ್ಲಕ್ಕಿಂತ ಹೆಚ್ಚು ನಗು ಬರುತ್ತಿದ್ದುದು ಮುದ್ದೆಯ ಕಥೆಗೆ. ಅಲ್ಲಿ ಮುಸುಕಿನ ಜೋಳದ ಹಿಟ್ಟು ಕದಡಿ ಗಟ್ಟಿಯಾಗಿ ಬೇಯಿಸುತ್ತಾರೆ. ಅದನ್ನು ಕಂಡು ಉತ್ತರಹಳ್ಳಿಯ ಜೀವಕ್ಕೆ ಕಣ್ಣಲ್ಲಿ ನೀರೇ ಬಂತು. ಕೈಯಲ್ಲಿ ಉಂಡೆ ಮಾಡಿ, ಸಾರಿಗೆ ಅದ್ದಿ, ಹಲ್ಲಿಗೆ ತಾಗಿಸದೆ ಗುಳುಂ ಎಂದು ನುಂಗಿದರು. ಗಂಟಲಿಗೆ ಸಿಕ್ಕಿಕೊಂಡಿತೆಂದು ಮಾರಕ್ಕ ಕಿರುಚಿ, ಎದ್ದು ಬಂದು ಬೆನ್ನಿಗೆ ಗುದ್ದತೊಡಗಿದಳು. ಗುದ್ದಿಗೆ ಹೆದರಿ ಇವರು ಇನ್ನೊಂದು ತುತ್ತನ್ನು ಬೇಗ ನುಂಗಿದರು. ಗುದ್ದು ಇನ್ನೂ ಜೋರಾಯಿತು.

ಇಷ್ಟೆಲ್ಲ ಹೇಳಿ, ನಗಿಸಿ, ಕಾಫಿ ಕೊಟ್ಟು ಕಳಿಸುವ ನಾಗಲಕ್ಷ್ಮಮ್ಮನಿಗೆ, ಹೊರಡುವವರು ಹೊರಡುವ ದಿನ ಮಾತ್ರ ತಪ್ಪದೆ ತಲೆನೋವು ಬರುತ್ತಿತ್ತು. ಹಿಂದಿನ ದಿನವೇ ಅವರು ಹೇಳಿಬಿಡುತ್ತಿದ್ದರು, ನಾಳೆ ನಾನು ಏಳೋದು ಅನುಮಾನ, ಈಗಲೇ ಒಳ್ಳೇದಾಗಲಿ ಅಂತ. ಮಾರನೆಯ ದಿನ ಅವರ ಬಾಗಿಲು ಭದ್ರವಾಗಿ ಮುಚ್ಚಿರುತ್ತಿತ್ತು. ಪ್ರಯಾಣ ಹೊರಟವರಿಗೆ ಗಂಡ ಸತ್ತ ಹೆಂಗಸು ಎದುರಾಗಬಾರದು ಎಂಬುದು ಎಲ್ಲರಿಗೂ ಗೊತ್ತಿತ್ತು, ಆದ್ದರಿಂದ ಆ ತಲೆನೋವು ಎಂಥದ್ದೆಂದೂ ಎಲ್ಲರಿಗೂ ಗೊತ್ತಿತ್ತು. ಯಾರೂ ಮಾತ್ರೆ ತಂದುಕೊಡಲಿಲ್ಲ. ಒಳ್ಳೆಯ ಜನ ನಾವು, ಬಾಯಿಬಿಟ್ಟು ಯಾರನ್ನೂ ನೋಯಿಸುವುದಿಲ್ಲ.

ಮೊದಲಿನಿಂದಲೂ ಹೀಗೇನೂ ಇರಲಿಲ್ಲ. ಎಪ್ಪತ್ತೆಂಟರಲ್ಲಿ ಫಿಟ್ಟರ್ ಸಂಜೀವಯ್ಯ ಹೊರಟ ಬೆಳಿಗ್ಗೆ ನಾಗಲಕ್ಷ್ಮಮ್ಮ ಮರೆತು, ಇಲ್ಲವೇ ಸಂತೋಷ ಹೆಚ್ಚಾಗಿ, ಬೀದಿಗೆ ಬಂದು ಎದುರಿಗೇ ನಿಂತು ಹರಸಿದ್ದರು. ತಿಂಗಳೊಳಗೆ ಸಂಜೀವಯ್ಯ ಸ್ಪ್ಲಿಟ್‌ನ ಹಳೇ ಪೇಟೆಯಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡ. ವಾಪಸು ಬಂದವನು ತಾನೇ ನಗುತ್ತಾ ಹೇಳಿದ, “ಆ ಬೀದಿ ಕಲ್ಲು ಜನ ತುಳಿದು ತುಳಿದು ಕನ್ನಡಿ ಹಂಗಾಗಿದೆ ಅಕ್ಕ. ಮಳೆ ಬಿದ್ರೆ ಬಚ್ಚಲುಮನೆ. ಅದೊಂದ್ ಹೇಳಿರ್ಲಿಲ್ಲ ನೀವು!” ಅವನಾಗಲಿ ಅವನ ಹೆಂಡತಿಯಾಗಲಿ ಬೇರೇನೂ ಅನ್ನಲಿಲ್ಲ. ನಾಗಲಕ್ಷ್ಮಮ್ಮ ಅಂದಿನಿಂದ ಪಾಠಕ್ಕೆ ಬೀದಿ ಕಲ್ಲಿನ ಎಚ್ಚರಿಕೆ ಸೇರಿಸಿದರು. ತಲೆನೋವನ್ನೂ ಅಂದೇ ಶುರು ಮಾಡಿಕೊಂಡರು. ಮಳೆಯ ಮೇಲೆ ತಪ್ಪು ಹೊರಿಸಬಹುದಿತ್ತು, ಆದರೆ ಅವರಿಗೆ ಧೈರ್ಯವಾಗಲಿಲ್ಲ. ಯಾರನ್ನಾದರೂ ಒಮ್ಮೆ ಬೀದಿಯಲ್ಲಿ ನಿಂತು ಕಣ್ತುಂಬ ಕಳಿಸಿಕೊಡಬೇಕೆಂಬ ಆಸೆ ಮಾತ್ರ ಹೋಗಲಿಲ್ಲ. ಬೆಳೆಸಿದವರಿಗೆ ಕಳಿಸುವ ಆಸೆ ಇರುತ್ತದೆ.

ಎಂಬತ್ತೊಂದರಲ್ಲಿ ಎದುರು ಮನೆಯ ನೀಲಗಂಗಮ್ಮನ ಮಗ ಬದರಿನಾಥ ಸ್ಪ್ಲಿಟ್‌ಗೆ ಹೋದ. ಮದುವೆಯಾಗಿ ಇನ್ನೂ ಹೊಸದು. ಹೆಂಡತಿ ವಿಮಲಾ ಆರು ತಿಂಗಳ ಮೇಲೆ ಹೋಗಿ ಸೇರಿಕೊಳ್ಳುವುದೆಂದಾಯಿತು. ಈ ವಿಮಲಾ ತುಮಕೂರಿನ ಕಡೆಯ ಹುಡುಗಿ, ತಾಯಿಯಿಲ್ಲದೆ ಅಜ್ಜಿಯ ಕೈಯಲ್ಲಿ ಬೆಳೆದವಳು. ಜಯನಗರ ಕಾಂಪ್ಲೆಕ್ಸಿಗೆ ಒಬ್ಬಳೇ ಬಸ್ಸಿನಲ್ಲಿ ಹೋಗಲು ಹೆದರುವವಳನ್ನು ವಿಮಾನ ಹತ್ತಿಸಬೇಕಾಗಿತ್ತು. ನೀಲಗಂಗಮ್ಮ ಸೊಸೆಯನ್ನು ಕೈಹಿಡಿದು ಕರೆತಂದು ನಾಗಲಕ್ಷ್ಮಮ್ಮನ ಚಾಪೆಯ ಮೇಲೆ ಕೂರಿಸಿದರು.

“ನಿಮ್ ಕೈಗೆ ಹಾಕಿದೀನಿ ನಾಗಲಕ್ಷ್ಮಮ್ಮೋರೇ. ಮೊಟ್ಟೆ ಸಹಿತ ಮುಟ್ಟದ ಹುಡುಗಿ. ಹೇಗ್ ಬದುಕ್ತಾಳೋ.”

“ಬದುಕ್ತಾಳೆ ಬಿಡಿ. ನಾನ್ ಬದುಕ್ಲಿಲ್ವಾ?”

ಬೇರೆಯವರಿಗೆ ಎರಡು ಭಾನುವಾರದಲ್ಲಿ ಮುಗಿಯುತ್ತಿದ್ದ ಪಾಠ ವಿಮಲಾಗೆ ಆ ಆರು ತಿಂಗಳೂ ನಡೆಯಿತು. ಕ್ಯಾಂಟೀನಿನಿಂದ ಬಂದ ಕೂಡಲೇ ನಾಗಲಕ್ಷ್ಮಮ್ಮ ಕೂಗುತ್ತಿದ್ದರು, ಹುಡುಗಿ ಓಡಿ ಬರುತ್ತಿದ್ದಳು. ಬಚ್ಚಲಿನ ಒದ್ದೆ ಕಲ್ಲಿನ ಮೇಲೆ ಪಾದ ಹೇಗೆ ಊರಬೇಕೆಂದು ನಡೆಸಿ ಕಲಿಸಿದರು. ತಲೆ ತೂಗಿದಾಗೆಲ್ಲ ತಲೆಗೊಂದು ಮೊಟಕಿದರು. ಹುಡುಗಿ ನಗುವುದನ್ನು ಕಲಿತಳು. ಮಗಳಿದ್ದಿದ್ದರೆ ಹೀಗೇ ಇರುತ್ತಿದ್ದಳೇನೋ ಎಂದು ನಾಗಲಕ್ಷ್ಮಮ್ಮನಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ಭಯವೂ ಆಯಿತು.

ಒಂದು ಸಂಜೆ ಅವರೆಕಾಳು ಹಿದುಕುತ್ತಾ ಕೂತಿದ್ದಾಗ ವಿಮಲಾ ಕೇಳಿದಳು, “ಅಲ್ಲಿ ಹೆದ್ರಿಕೆ ಆಗೋಂಥದ್ದು ಏನಾದ್ರೂ ಇದ್ಯಾ ಅಮ್ಮ?”

“ಹೆದ್ರಿಕೆ ಅಲ್ಲ, ನೀನು ಗಾಬರಿ ಬೀಳ್ಬಾರ್ದು ಅಂತ ಒಂದ್ ಹೇಳ್ತೀನಿ. ಅಲ್ಲಿ ಗಂಡ ಹೋದೋರು ಸಾಯೋವರ್ಗೂ ಕಪ್ಪು ಬಟ್ಟೆ ಹಾಕ್ತಾರೆ. ತಲೆಗೂ ಕಪ್ಪು ವಸ್ತ್ರ. ಬಂದರಿಗೆ ಹೋದ್ರೆ ಹಡಗು ಹತ್ತೋ ಕಡೆ ಮುಂದ್ಗಡೆ ಸಾಲಲ್ಲಿ ಅವ್ರೇ ನಿಂತಿರ್ತಾರೆ. ಮಗ ಹೋಗ್ಲಿ, ಅಳಿಯ ಹೋಗ್ಲಿ, ಬಾಡಿಗೆಯವ್ರು ಹೋಗ್ಲಿ, ಅವ್ರೇ ಮೊದ್ಲು ಎದುರು ಬಂದು ಹಣೆ ಮುಟ್ಟಿ ಕಳ್ಸೋದು. ಮುಖ ತಿರುಗಿಸ್ಬೇಡ, ನೊಂದ್ಕೋತಾರೆ.”

“ನಿಮ್ಮನ್ನ ಯಾರು ಕಳ್ಸಿದ್ರು?”

“ಮಾರಕ್ಕ. ಅವಳೂ ಕರೀ ಬಟ್ಟೆಯೋಳೇ. ನಿಮ್ಮೆಜಮಾನ್ರು ಹೋಗಿ ತಿಂಗಳಾಗಿತ್ತು, ನಂಗೆ ಬುದ್ಧಿ ನೆಟ್ಟಗಿರ್ಲಿಲ್ಲ. ಹಡಗು ಕಣ್ಣಿಂದ ಮರೆಯಾಗೋವರ್ಗೂ ನಿಂತಿದ್ಲು.” ಬಾಯಿ ತಪ್ಪಿ ‘ನಮ್ಮೆಜಮಾನ್ರು’ ಎನ್ನುವ ಬದಲು ‘ನಿಮ್ಮೆಜಮಾನ್ರು’ ಎಂದುಬಿಟ್ಟಿದ್ದರು. ತಕ್ಷಣ ನಾಲಗೆ ಕಚ್ಚಿಕೊಂಡು, “ಬಿಡ್ತು ಅನ್ನು, ಬಿಡ್ತು ಅನ್ನು” ಎಂದು ಹುಡುಗಿಯ ತಲೆ ಸವರಿದರು.

ವಿಮಲಾ ಬಿಡ್ತು ಎಂದಳು. ಸ್ವಲ್ಪ ಹೊತ್ತು ಕಾಳು ಹಿದುಕಿ ಹೇಳಿದಳು, “ನನ್ ಮದ್ವೇಲಿ ನಮ್ಮಜ್ಜಿ ಅಡುಗೆಮನೆ ಬಾಗ್ಲಿಂದಾಚೆ ಬರ್ಲೇ ಇಲ್ಲ ಅಮ್ಮ. ತಾಳಿ ಕಟ್ಟಿದ್ದೂ ನೋಡ್ಲಿಲ್ಲ. ಸಾಕಿದ್ದು ಅವ್ರೇ.” ನಾಗಲಕ್ಷ್ಮಮ್ಮ ಸಿಪ್ಪೆ ಗುಡಿಸಿದರು.

ಹೊರಡುವ ದಿನ ಸೋಮವಾರಕ್ಕೆ ಗೊತ್ತಾಯಿತು. ಬೆಳಿಗ್ಗೆ ಟ್ಯಾಕ್ಸಿಯಲ್ಲಿ ರೈಲ್ವೆ ಸ್ಟೇಷನ್ನು, ರೈಲಿನಲ್ಲಿ ಮಾವನ ಜೊತೆ ಬೊಂಬಾಯಿ, ಅಲ್ಲಿಂದಾಚೆಗೆ ಒಬ್ಬಳೇ ವಿಮಾನ. ಭಾನುವಾರ ಸಂಜೆ ನೀಲಗಂಗಮ್ಮ ಬಂದರು. ಸೆರಗಿನ ತುದಿ ಸುತ್ತುತ್ತಾ, ಟ್ಯಾಕ್ಸಿ ವಿಷಯ ಹೇಳಿದರು, ಹೋಳಿಗೆ ಮಾಡಿದ ವಿಷಯ ಹೇಳಿದರು, ಸೋಮವಾರ ಏಳೂವರೆಗೆ ರಾಹುಕಾಲ, ಅಷ್ಟರೊಳಗೆ ಹೊರಡಲೇಬೇಕೆಂದು ಎರಡು ಸಲ ಹೇಳಿದರು. ಹೇಳಬೇಕಾದ್ದು ಮಾತ್ರ ಬಾಯಿಗೆ ಬರಲಿಲ್ಲ. ಕೆಟ್ಟ ಹೆಂಗಸಲ್ಲ ಆಕೆ. ಇದ್ದ ಒಬ್ಬ ಮಗ ಸಮುದ್ರದಾಚೆ ಇದ್ದಾನೆ, ಇರುವ ಒಬ್ಬ ಸೊಸೆ ಹೊರಟಿದ್ದಾಳೆ, ಭಯ ಯಾರನ್ನು ಬಿಟ್ಟಿದೆ?

ನಾಗಲಕ್ಷ್ಮಮ್ಮನೇ ಕೈಹಿಡಿದು ದಾಟಿಸಿದರು. “ಬೆಳಿಗ್ಗೆಯಿಂದ ತಲೆ ಒಂದೇ ಸಮ ಸಿಡೀತಿದೆ ಕಣ್ರೀ. ನಾಳೆ ಏಳಕ್ಕಾಗುತ್ತೋ ಇಲ್ವೋ. ಹುಡುಗಿಗೆ ಹೇಳ್ಬಿಡಿ.”

ನೀಲಗಂಗಮ್ಮನ ಮುಖದ ಬಿಗಿ ಸಡಿಲಿತು. ಸಡಿಲಿದ್ದಕ್ಕೆ ಆಕೆಗೇ ನಾಚಿಕೆಯಾಯಿತು. ಮನೆಗೆ ಹೋಗಿ ಬಟ್ಟಲು ತುಂಬ ಹೋಳಿಗೆ ಕಳಿಸಿದರು. ನಾಗಲಕ್ಷ್ಮಮ್ಮ ಅದನ್ನು ಮುಚ್ಚಿಟ್ಟರು, ತಿನ್ನಲಿಲ್ಲ.

ಸೋಮವಾರ ಬೆಳಿಗ್ಗೆ ಎದ್ದು, ಮಿಂದು, ಬಾಗಿಲಿನ ಅಗುಳಿ ಹಾಕಿ, ಅದಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕೂತರು. ಬೀದಿಯ ಸದ್ದೆಲ್ಲ ಕೇಳುತ್ತಿತ್ತು. ಟ್ಯಾಕ್ಸಿ ಬಂತು. ಡಿಕ್ಕಿ ತೆಗೆದರು. ಪೆಟ್ಟಿಗೆ ಎತ್ತುವಾಗ ಯಾರೋ ಮೆಲ್ಲಗೆ, ಮೆಲ್ಲಗೆ ಎಂದರು. ಇಷ್ಟು ವರ್ಷ ಹೀಗೆ ಕೂತು ಎಷ್ಟೋ ಜನರನ್ನು ಕಿವಿಯಲ್ಲೇ ಕಳಿಸಿಕೊಟ್ಟಿದ್ದರು. ಈ ಸಲ ಕೂರುವುದು ಕಷ್ಟವಾಯಿತು.

ಆಮೇಲೆ ಬೆನ್ನ ಹಿಂದೆಯೇ ಬಾಗಿಲು ಬಡಿದ ಸದ್ದು.

“ಅಮ್ಮ, ನಾನು ವಿಮಲಾ. ಬಾಗ್ಲು ತೆಗೀರಿ.”

“ತಲೆನೋವಮ್ಮ. ಹೋಗ್ಬಾ. ಒಳ್ಳೇದಾಗ್ಲಿ.”

“ನೀವು ಎದುರು ಬರ್ದೇ ನಾನು ಕಾರ್ ಹತ್ತಲ್ಲ.”

ಜಯನಗರಕ್ಕೆ ಹೋಗಲು ಹೆದರುವ ಹುಡುಗಿಯ ಬಾಯಲ್ಲಿ ಇದೆಂಥ ಮಾತು! ಹೊರಗೆ ಗದ್ದಲವೆದ್ದಿತು. ಅತ್ತೆ ರಮಿಸಿದರು, ಮಾವ ಗದರಿದರು, ಡ್ರೈವರು ಹಾರ್ನ್ ಹೊಡೆದ. ಹುಡುಗಿ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳೆಂದು ಬಳೆಯ ಸದ್ದಿನಿಂದ ತಿಳಿಯಿತು. ಈಗ ಬಾಗಿಲಿನ ಆಚೆ ಒಬ್ಬಳ ಬೆನ್ನು, ಈಚೆ ಒಬ್ಬಳ ಬೆನ್ನು.

“ಹಟ ಮಾಡ್ಬೇಡ ಕಂದ,” ಎಂದು ನಾಗಲಕ್ಷ್ಮಮ್ಮ ಬಾಗಿಲಿನ ಸಂದಿಗೆ ಬಾಯಿಟ್ಟು ಹೇಳಿದರು. “ನಂಗೆ ಭಯ ಕಣೇ. ಅವ್ರ್ಯಾರಿಗೋ ಅಲ್ಲ, ನಂಗೇ ಭಯ. ಸಂಜೀವಯ್ಯಂಗೆ ಹಾಗಾಯ್ತು. ನಿಂಗೇನಾದ್ರೂ ಆದ್ರೆ ನಾನು ಉಳಿಯಲ್ಲ.”

ನಿಜ ಅಷ್ಟೇ. ಬುರಾ ಗಾಳಿಗೆ ಹೆದರದ, ಸೀಮೆ ದಾಟಿ ಗಂಡನನ್ನು ಮಣ್ಣಿಗಿಟ್ಟು ಒಬ್ಬಳೇ ವಾಪಸು ಬಂದ ಹೆಂಗಸು ತನ್ನ ಮುಖಕ್ಕೇ ಹೆದರುತ್ತಿದ್ದಳು. ಊರು ಹೇಳಿಕೊಟ್ಟ ಪಾಠವನ್ನು ಊರಿಗಿಂತ ಚೆನ್ನಾಗಿ ಕಲಿತಿದ್ದಳು.

“ಮಾರಕ್ಕ ಎದುರು ಬಂದ್ರು. ನೀವು ಕ್ಷೇಮವಾಗಿ ಊರು ಸೇರ್ಲಿಲ್ವಾ?” ಎಂದಳು ವಿಮಲಾ.

ಆಗ ಮಾವನವರ ಧ್ವನಿ ಕೇಳಿತು. “ಏಳೂ ಇಪ್ಪತ್ತಾಯ್ತು. ಇನ್ನು ಹತ್ತು ನಿಮಿಷಕ್ಕೆ ರಾಹುಕಾಲ.”

ನೀಲಗಂಗಮ್ಮನ ಪಾಡು ಯಾರಿಗೂ ಬೇಡ. ಒಂದು ಕಡೆ ಎದುರು ಬರಬಾರದ ಹೆಂಗಸು, ಇನ್ನೊಂದು ಕಡೆ ಬರುತ್ತಿರುವ ರಾಹು. ಹೆಂಗಸನ್ನಾದರೆ ಬಾಗಿಲ ಹಿಂದೆ ಕೂರಿಸಬಹುದು, ರಾಹುವನ್ನು ಎಲ್ಲಿ ಕೂರಿಸುವುದು? ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ಎರಡೂ ಕೈಯಲ್ಲಿ ಬಾಗಿಲು ಬಡಿದರು. ಇಡೀ ರಸ್ತೆಗೆ ಕೇಳುವಂತೆ ಕೂಗಿದರು.

“ರೀ ನಾಗಲಕ್ಷ್ಮಮ್ಮೋರೇ! ರಾಹುಕಾಲ ಬಂತು ಕಣ್ರೀ! ದಮ್ಮಯ್ಯ, ಆಚೆ ಬನ್ನಿ! ಎದುರು ಬನ್ನಿ!”

ಗಂಡ ಸತ್ತ ಮೇಲೆ ಆ ಮಾತನ್ನು ಯಾರೂ ಅವರಿಗೆ ಹೇಳಿರಲಿಲ್ಲ. ಕೈಗೆ ಅಗುಳಿ ಸಿಕ್ಕಿದ್ದೂ ಗೊತ್ತಾಗಲಿಲ್ಲ. ಬಾಗಿಲು ತೆಗೆದು, ಹೊಸ್ತಿಲಿನ ಒಳಗೇ ಗೋಡೆಗೆ ಒತ್ತಿಕೊಂಡು ನಿಂತರು. ವಿಮಲಾ ಕಾಲಿಗೆ ಬಿದ್ದಳು.

“ಅಲ್ಲೇನ್ ಮೂಲೇಲಿ ನಿಂತಿದೀರಿ?” ಎಂದು ನೀಲಗಂಗಮ್ಮ ಅಳುತ್ತಲೇ ರೇಗಿದರು. “ಮಾಡೋದಾದ್ರೆ ಸರಿಯಾಗ್ ಮಾಡಿ. ಕಾರ್ ಮುಂದೆ ಬನ್ನಿ.”

ನಾಗಲಕ್ಷ್ಮಮ್ಮ ಬೀದಿಗಿಳಿದರು. ಗೇಟುಗಳಲ್ಲಿ ನಿಂತಿದ್ದವರು ನೋಡುತ್ತಿದ್ದರು. ಟ್ಯಾಕ್ಸಿಯ ಮುಂದೆ ನಿಂತು, ಕಿಟಕಿಯ ಹತ್ತಿರ ಬಂದು, ಹುಡುಗಿಯ ಹಣೆ ಮುಟ್ಟಿದರು. “ಕಲ್ಲಿನ ಮೇಲೆ ನೋಡ್ಕೊಂಡ್ ನಡಿ. ತಲೆ ತೂಗ್ಬೇಡ,” ಎಂದರು. ಬೇರೇನೂ ತೋಚಲಿಲ್ಲ. ವಿಮಲಾ ಹೂಂ ಎಂದು ಚೆನ್ನಾಗಿ ತಲೆ ತೂಗಿದಳು. ಟ್ಯಾಕ್ಸಿ ಬಿ.ಡಿ.ಎ. ಕಾಂಪ್ಲೆಕ್ಸಿನ ಕಡೆ ತಿರುಗಿ ಮರೆಯಾಗುವ ತನಕ ನಾಗಲಕ್ಷ್ಮಮ್ಮ ನಡುರಸ್ತೆಯಲ್ಲೇ ನಿಂತಿದ್ದರು.

ಆಮೇಲಿನ ದಿನಗಳು ಇಬ್ಬರಿಗೂ ಬೇಡವಾಗಿದ್ದವು. ಬೊಂಬಾಯಿಯಲ್ಲಿ ವಿಮಾನ ಹತ್ತಿಸಿ ಮಾವನವರು ತಮ್ಮ ಹಳೇ ಹೊಟ್ಟೆನೋವಿನೊಡನೆ ವಾಪಸು ಬಂದರು, ಅಲ್ಲಿಂದಾಚೆಯ ಸುದ್ದಿ ಇಲ್ಲ. ನೀಲಗಂಗಮ್ಮ ಒಂದು ಮಾತೂ ಅನ್ನಲಿಲ್ಲ. ಆದರೆ ಸಂಜೆಯಾದರೆ ಬಂದು ಅದೇ ಚಾಪೆಯ ಮೇಲೆ ಕೂರುತ್ತಿದ್ದರು. “ಬುರಾ ಅಂತೀರಲ್ಲ, ಅದು ಈಗ ಬೀಸುತ್ತಾ?” ಎಂದು ಕೇಳುತ್ತಿದ್ದರು. ಇಲ್ಲ, ಈಗ ಬೀಸಲ್ಲ ಎಂದು ನಾಗಲಕ್ಷ್ಮಮ್ಮ ಹೇಳುತ್ತಿದ್ದರು. ಬೀಸಿದರೂ ಬೀಸೀತು ಎಂದು ಒಳಗೊಳಗೇ ನಡುಗುತ್ತಿದ್ದರು.

ಶನಿವಾರ ಮಧ್ಯಾಹ್ನ ತಂತಿ ಬಂತು. ಆ ಕಾಲದಲ್ಲಿ ತಂತಿಯೆಂದರೆ ಸಾವಿನ ಸುದ್ದಿ, ಮೊದಲು ಅಳಲು ಸಿದ್ಧವಾಗಿ ಆಮೇಲೆ ಒಡೆಯುತ್ತಿದ್ದರು. ಮನೆಯಲ್ಲಿ ಗಂಡಸರಿರಲಿಲ್ಲ. ನೀಲಗಂಗಮ್ಮ ಅದನ್ನು ಒಡೆಯದೆ, ಚಪ್ಪಲಿಯನ್ನೂ ಮೆಟ್ಟದೆ ರಸ್ತೆ ದಾಟಿ ಓಡಿ ಬಂದು ನಾಗಲಕ್ಷ್ಮಮ್ಮನ ಕೈಗಿಟ್ಟರು. ಸ್ಪ್ಲಿಟ್‌ನ ಅಂಗಡಿ ಬೋರ್ಡು ನೋಡಿ ನೋಡಿ ಇಂಗ್ಲಿಷ್ ಅಕ್ಷರ ಕೂಡಿಸಲು ಕಲಿತಿದ್ದ ನಾಗಲಕ್ಷ್ಮಮ್ಮ ಅದನ್ನು ಹರಿದು, ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟರು. ನೀಲಗಂಗಮ್ಮ ಅವರ ಇನ್ನೊಂದು ಕೈಯನ್ನು ಉಗುರು ಊರುವಂತೆ ಹಿಡಿದಿದ್ದರು.

“ವಿಮಲಾ… ರೀಚ್ಡ್… ಸೇಫ್ಲಿ,” ಎಂದು ಓದಿದರು. ಇನ್ನೊಂದು ಸಲ ಓದಿದರು. “ಸೇರಿದ್ಲಂತೆ ಕಣ್ರೀ. ಕ್ಷೇಮವಾಗಿ ಸೇರಿದ್ಲಂತೆ.”

ಇಬ್ಬರೂ ನೆಲದ ಮೇಲೆ ಕೂತು ಹೊಟ್ಟೆ ತುಂಬ ಅತ್ತರು. ಆಮೇಲೆ ನೀಲಗಂಗಮ್ಮ ಮುಖ ಒರೆಸಿಕೊಂಡು ಎದ್ದರು, ಬಾಗಿಲ ತನಕ ಹೋದರು, ನಿಂತರು.

“ಬುಧವಾರ ನಮ್ಮೆಜಮಾನ್ರಿಗೆ ಹೊಟ್ಟೆ ಆಪರೇಷನ್ನು. ಡಾಕ್ಟ್ರು ಮುಂದೂಡ್ಬೇಡಿ ಅಂದಿದಾರೆ,” ಎಂದರು. ಕೈ ತಾನಾಗಿ ಕೊರಳಿನ ತಾಳಿಯ ಮೇಲೆ ಹೋಗಿತ್ತು. “ಬೆಳಿಗ್ಗೆ ಎಂಟಕ್ಕೆ ಆಸ್ಪತ್ರೆಗೆ ಹೊರಡ್ತೀವಿ. ನೀವು ಎದುರು ಬರ್ಬೇಕು.”

“ಬರ್ತೀನಿ,” ಎಂದರು ನಾಗಲಕ್ಷ್ಮಮ್ಮ.